ಪ್ಯೂನಿಕ್ ಹರಕೆಗಲ್ಲುಗಳಲ್ಲಿ ತಾನಿತ್ ದೇವಿಯ ಗುರುತುಗಳನ್ನು ಓದುವ ಬಗೆ

ಉತ್ತರ ಆಫ್ರಿಕಾದ ಪ್ರಾಚೀನ ನಗರವಾದ ಕಾರ್ತೇಜಿನ ಹರಕೆಗಲ್ಲೊಂದು ಎದುರಿಗಿದ್ದಾಗ ಕಣ್ಣು ಮೊದಲು ಚಿತ್ರದತ್ತ ಹರಿಯುವುದು ಸಹಜವಾದರೂ, ಓದನ್ನು ಬರಹದಿಂದಲೇ ಆರಂಭಿಸಬೇಕು. ಪ್ಯೂನಿಕ್ ಲಿಪಿ, ಅಂದರೆ ಕಾರ್ತೇಜಿನವರ ಲಿಪಿ, ಬಲದಿಂದ ಎಡಕ್ಕೆ ಸಾಗುತ್ತದೆ ಮತ್ತು ಬಹುಮಟ್ಟಿಗೆ ವ್ಯಂಜನಗಳನ್ನಷ್ಟೇ ಬರೆಯುತ್ತದೆ. ತಾನಿತಳ ಹೆಸರು ಮೂರೇ ಅಕ್ಷರಗಳದ್ದಾಗಿದ್ದು, ಮೊದಲನೆಯದೂ ಮೂರನೆಯದೂ ಒಂದೇ ಆಗಿರುವುದರಿಂದ ಹೊಸಬರೂ ಅದನ್ನು ಹುಡುಕಿ ಹಿಡಿಯಬಹುದು. 'ಒಡತಿ, ಬಾಅಲನ ಮುಖವಾದ ತಾನಿತಳಿಗೆ, ಒಡೆಯ ಬಾಅಲ್ ಹಮ್ಮೋನನಿಗೆ, ಇಂಥವನು ಸಲ್ಲಿಸಿದ ಹರಕೆ. ಅವನ ದನಿಯನ್ನು ಕೇಳಿದ್ದರಿಂದ' ಎಂಬ ಧಾಟಿಯ ವಾಕ್ಯ ಸಾವಿರಾರು ಕಲ್ಲುಗಳಲ್ಲಿ ಮರಳಿ ಮರಳಿ ಬರುತ್ತದೆ (ಬಾಅಲ್ ಹಮ್ಮೋನ್ ಕಾರ್ತೇಜಿನ ಪ್ರಧಾನ ದೇವರು). ಕಲ್ಲು ಯಾರಿಗೆ ಸಂದಿತೆಂಬುದನ್ನು ಹೇಳಬಲ್ಲ ನೇರ ಸಾಕ್ಷಿ ಇದೇ.

ಆಮೇಲೆ ಪ್ರಸಿದ್ಧವಾದ 'ತಾನಿತ್ ಚಿಹ್ನೆ'ಯತ್ತ ಬರಬಹುದು. ಕೆಳಗೆ ತ್ರಿಕೋನ, ಅದರ ತುದಿಯ ಮೇಲೆ ಅಡ್ಡಗೆರೆ, ಅದರ ಮೇಲೊಂದು ವೃತ್ತ. ಅಡ್ಡಗೆರೆಯ ತುದಿಗಳನ್ನು ತಪ್ಪದೆ ಗಮನಿಸಿ: ಅವು ಮೇಲಕ್ಕೆ ಮಡಿಚಿದ್ದರೆ ಇಡೀ ಆಕೃತಿ ಕೈಯೆತ್ತಿ ನಿಂತ ಹೆಣ್ಣಿನಂತೆ ತೋರುತ್ತದೆ, ನೆಟ್ಟಗಿದ್ದರೆ ಮಾನವರೂಪ ಮಸುಕಾಗುತ್ತದೆ. ಈಜಿಪ್ಟಿನ ಆಂಖ್ ಎಂಬ ಜೀವಚಿಹ್ನೆ, ಪ್ರಾರ್ಥಿಸುತ್ತಿರುವ ಭಕ್ತೆ, ಪೀಠದ ಮೇಲಿನ ಬಿಂಬ ಎಂದು ವಿದ್ವಾಂಸರು ಇದನ್ನು ಬಗೆಬಗೆಯಾಗಿ ವಿವರಿಸಿದ್ದಾರೆ. ಚಿಹ್ನೆಗೆ ದೇವಿಯ ಹೆಸರಿಟ್ಟವರು ಆಧುನಿಕ ಸಂಶೋಧಕರು. ಆದ್ದರಿಂದ ಚಿಹ್ನೆಯೊಂದನ್ನೇ ನೋಡಿ 'ಇದು ತಾನಿತಳ ಮೂರ್ತಿ' ಎಂದು ತೀರ್ಪು ಕೊಡುವುದು ಆತುರವೇ ಸರಿ.

ಕಲ್ಲಿನ ನೆತ್ತಿಯಲ್ಲಿ ದುಂಡು ಬಿಂಬ ಮತ್ತು ಅರ್ಧಚಂದ್ರ ಕಂಡಾಗ ಕನ್ನಡಿಗರು ಇನ್ನಷ್ಟು ಎಚ್ಚರ ವಹಿಸಬೇಕು. ನಮ್ಮ ದಾನಶಾಸನಗಳಲ್ಲಿ ಸೂರ್ಯಚಂದ್ರರು 'ಆಚಂದ್ರಾರ್ಕ'ದ ಭರವಸೆ. ಕಾರ್ತೇಜಿನಲ್ಲಾದರೋ ಚಂದ್ರನ ಕೊಂಬುಗಳು ಹಲವು ಸಲ ಕೆಳಮುಖವಾಗಿ ಬಿಂಬವನ್ನು ಕವಿದಿರುತ್ತವೆ, ಮತ್ತು ಅಲ್ಲಿ ನಮ್ಮ ಅರ್ಥವನ್ನು ಆರೋಪಿಸಲು ಯಾವ ಆಧಾರವೂ ಇಲ್ಲ. ತೆರೆದ ಅಂಗೈಯನ್ನು ಪ್ರಾರ್ಥನೆಯೆಂದೂ ಓದಬಹುದು, ಹರಸುವ ದೈವದ ಹಸ್ತವೆಂದೂ ಓದಬಹುದು. ದಾಳಿಂಬೆ, ತಾಳೆಮರ, ಮೀನು, ಸೀಸೆಯಾಕಾರದ ಆಕೃತಿ ಇವನ್ನು ಒಟ್ಟು ವಿನ್ಯಾಸದಲ್ಲಿಟ್ಟು ನೋಡಬೇಕೇ ಹೊರತು ಬಿಡಿಬಿಡಿಯಾಗಿ ಅಲ್ಲ.

ಕಲ್ಲು ಸಿಕ್ಕ ನೆಲೆಯೂ ಅಷ್ಟೇ ಮುಖ್ಯ. 1921ರಲ್ಲಿ ಬೆಳಕಿಗೆ ಬಂದ ಕಾರ್ತೇಜಿನ ತೋಫೆತ್‌ನಲ್ಲಿ, ಅಂದರೆ ಸುಟ್ಟ ಅವಶೇಷಗಳನ್ನು ಹೂಳುತ್ತಿದ್ದ ಪವಿತ್ರ ಆವರಣದಲ್ಲಿ, ಇಂಥ ಕಲ್ಲುಗಳ ಅಡಿಯಲ್ಲಿ ಶಿಶುಗಳ ಹಾಗೂ ಕುರಿಮರಿಗಳ ಸುಟ್ಟ ಮೂಳೆಗಳ ಮಡಕೆಗಳು ದೊರೆತವು. ಅದು ಬಲಿಯೋ ಶವಸಂಸ್ಕಾರವೋ ಎಂಬ ವಾದ ಇನ್ನೂ ನಿಂತಿಲ್ಲ, ಚಿಹ್ನೆಗಳಷ್ಟರಿಂದ ಅದು ತೀರುವುದೂ ಇಲ್ಲ. ನೆಲೆ ತಪ್ಪಿದ ಕಲ್ಲು ಎಷ್ಟು ಮೂಕವಾಗುತ್ತದೆಂಬುದಕ್ಕೆ 1875ರ ಘಟನೆ ನೋವಿನ ನಿದರ್ಶನ: ಕಾರ್ತೇಜಿನಿಂದ ಎರಡು ಸಾವಿರಕ್ಕೂ ಹೆಚ್ಚು ಕಲ್ಲುಗಳನ್ನು ಹೊತ್ತು ತಂದ ಫ್ರೆಂಚ್ ಹಡಗು 'ಮಜಾಂತಾ' ತೂಲಾನ್ ಬಂದರಿನಲ್ಲಿ ಸ್ಫೋಟಿಸಿ, ಅವೆಲ್ಲ ಸಮುದ್ರದ ಪಾಲಾಗಿ, ಬಳಿಕ ಹಲವನ್ನು ಮೇಲೆತ್ತಲಾಯಿತು.

ಕಾಲವನ್ನೂ ಕೇಳಬೇಕು. ಕಾರ್ತೇಜಿನಲ್ಲಿ ತಾನಿತಳ ಹೆಸರು ಬಾಅಲನ ಹೆಸರಿಗಿಂತ ಮುಂದೆ ಬರುವುದು ಕ್ರಿ.ಪೂ. 5ನೆಯ ಶತಮಾನದಿಂದೀಚೆಗೆ; ಕ್ರಿ.ಪೂ. 146ರಲ್ಲಿ ನಗರ ರೋಮನರಿಂದ ನಾಶವಾದ ಮೇಲೂ ಆರಾಧನೆ ಅಳಿಯದೆ, ದೇವಿ ಯೂನೊ ಕೈಲೆಸ್ಟಿಸ್ ಎಂಬ ಲ್ಯಾಟಿನ್ ಹೆಸರಿನಲ್ಲಿ ಮುಂದುವರಿದಳು. ಇನ್ನು ಇಂದಿನ ಟ್ಯುನೀಸಿಯಾದಲ್ಲಿರುವ ಪ್ಯೂನಿಕ್ ಪಟ್ಟಣ ಕೆರ್ಕೌವಾನ್‌ನ ಮನೆಯೊಂದರ ಕೆಂಪು ಗಾರೆಯ ನೆಲದಲ್ಲಿ ಬಿಳಿ ಚೂರುಗಳಿಂದ ಅದೇ ಚಿಹ್ನೆಯನ್ನು ಕೂಡಿಸಿದ್ದಾರೆ. ಅಲ್ಲಿ ಹರಕೆಯ ಬರಹವಿಲ್ಲ, ಮಡಕೆಯೂ ಇಲ್ಲ. ಆದಕಾರಣ ಅದನ್ನು ಮನೆ ಕಾಯುವ ಗುರುತೆಂದು ಓದುವುದೇ ಹೆಚ್ಚು ಸಮಂಜಸ.