ಎರೆ ಮಣ್ಣಿನ ಮೇಲೆ 16 ಮನೆ

ಮೇ ತಿಂಗಳ ಮೂರನೇ ವಾರ. ರಾತ್ರಿ ಹನ್ನೊಂದಕ್ಕೆ ವಾಚ್‌ಮನ್ ಫೋನ್ ಮಾಡಿದ. "ಸಾಹೇಬ್ರ, ಗುಂಡ್ಯಾಗ ಕಪ್ಪಿ ಒದರಾಕತ್ತಾವ್ರಿ" ಅಂದ. ಅವನಿಗೆ ಅದು ತಮಾಷೆ. ನನಗೆ ಹೊಟ್ಟೆ ಕಲಸಿದ ಹಾಗಾಯಿತು. ಬೈಕ್ ಹತ್ತಿ ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ಸೈಟಿಗೆ ಹೋದೆ. ಟಾರ್ಚ್ ಬಿಟ್ಟು ನೋಡಿದರೆ ಒಂಬತ್ತು ಅಡಿ ಆಳದ ಪಾಯದ ಗುಂಡಿಗಳಲ್ಲಿ ಎದೆ ಮಟ್ಟ ನೀರು. ಒಟ್ಟು 24 ಗುಂಡಿ. 14ಕ್ಕೆ ಫೂಟಿಂಗ್, ಅಂದರೆ ಕಾಲಂ ನಿಲ್ಲುವ ಅಗಲ ಬುಡದ ಕಾಂಕ್ರೀಟ್ ಆಗಿತ್ತು. ಉಳಿದ ಹತ್ತು ಬಾಯಿ ತೆರೆದುಕೊಂಡು ಕೂತಿದ್ದವು.

ಇದು 2022ರ ಮಾತು. ನಾನು ಸಿವಿಲ್ ಡಿಪ್ಲೊಮಾ ಮಾಡಿದವನು. ಅದಕ್ಕೂ ಮುಂಚೆ ಹದಿನಾರು ವರ್ಷ ಬೆಳಗಾವಿಯಲ್ಲಿ ಬಿಡಿ ಮನೆ ಕಟ್ಟಿಸಿದ್ದೆ. ಜಾಸ್ತಿ ಅಂದರೆ ಮೇಲೊಂದು ಮಾಳಿಗೆ. ಹೆಚ್ಚಿನ ಮನೆಗಳು ಕೆಂಪು ನೆಲದ ಕಡೆ ಇದ್ದವು. ಅಲ್ಲಿ ನಾಲ್ಕೈದು ಅಡಿ ಅಗೆದರೆ ಗಟ್ಟಿ ಸಿಗುತ್ತದೆ, ಮಳೆ ಬಂದರೂ ಗುಂಡಿಯ ಗೋಡೆ ನಿಲ್ಲುತ್ತದೆ. ಅದೇ ಧೈರ್ಯದಲ್ಲಿ ಅಪಾರ್ಟ್‌ಮೆಂಟಿಗೆ ಕೈ ಹಾಕಿದೆ. ನನ್ನ ಷಡ್ಡಕನಿಗೆ ಹಾರ್ಡ್‌ವೇರ್ ಅಂಗಡಿ ಇದೆ, ಅವನು ಪಾರ್ಟ್‌ನರ್. ಜಾಗ ಮೂವರು ಅಣ್ಣ-ತಮ್ಮಂದಿರದು, 12 ಗುಂಟೆ. ಕರಾರು ಸರಳ: 16 ಫ್ಲಾಟಿನಲ್ಲಿ ಅವರಿಗೆ ಎರಡೆರಡು, ಉಳಿದ ಹತ್ತು ನಮಗೆ. ಕಟ್ಟುವ ಖರ್ಚೆಲ್ಲ ನಮ್ಮದು.

ಜಾಗದ ಬಗ್ಗೆ ಸ್ವಲ್ಪ ಹೇಳಬೇಕು. ಶಹಾಪುರ, ವಡಗಾವಿ, ಅನಗೋಳ, ಯಳ್ಳೂರ ಸುತ್ತಲಿನ ಹೊಲಗಳಲ್ಲಿ ಬಾಸುಮತಿ ಭತ್ತ ಬೆಳೆಯುತ್ತಿದ್ದರು, ಈಗಲೂ ಉಳಿದಷ್ಟರಲ್ಲಿ ಬೆಳೆಯುತ್ತಾರೆ. ನಮ್ಮ 12 ಗುಂಟೆಯೂ ಒಂದು ಕಾಲಕ್ಕೆ ಅದೇ. ಎನ್.ಎ. (ಕೃಷಿಯೇತರ ಜಮೀನು) ಆಗಿ ವರ್ಷಗಳಾಗಿದ್ದವು, ಆದರೆ ಕಾಗದದಲ್ಲಿ ಬದಲಾದದ್ದು ಮಣ್ಣಿಗೆ ಗೊತ್ತಾಗುವುದಿಲ್ಲ ಅಲ್ವಾ. ಮೇಲೆ ಏಳು ಅಡಿ ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಭತ್ತಕ್ಕೆ ಇದಕ್ಕಿಂತ ಒಳ್ಳೆಯ ನೆಲ ಇಲ್ಲ. ಮನೆಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. ಹತ್ತಿರದಲ್ಲೇ ಬಳ್ಳಾರಿ ನಾಲಾ ಅನ್ನುವ ಹಳ್ಳ ಬೇರೆ. 2019ರ ಆಗಸ್ಟ್‌ನಲ್ಲಿ ಆ ನಾಲಾ ಉಕ್ಕಿ ಸುತ್ತಲಿನ ತಗ್ಗು ಪ್ರದೇಶಕ್ಕೆ ನೀರು ನುಗ್ಗಿದ್ದು ಇಲ್ಲಿ ಎಲ್ಲರಿಗೂ ನೆನಪಿದೆ.

ಮಣ್ಣಿನ ಟೆಸ್ಟ್ ಮಾಡಿಸೋಣ ಅಂದಾಗ ಷಡ್ಡಕ, "ಸುಮ್ನ ಯಾಕ ರೊಕ್ಕಾ ಹಾಳು? ಬಾಜೂದವರು ಮಾಡಿಸ್ಯಾರೇನು?" ಅಂದ. ಹಠ ಹಿಡಿದು ಎರಡು ಕಡೆ ಬೋರ್ ಹೊಡೆಸಿದೆ. ನಾನು ಮಾಡಿದ ಸರಿ ಕೆಲಸಗಳಲ್ಲಿ ಇದು ಮೊದಲನೆಯದು. ಏಳು ಅಡಿ ಕೆಳಗೆ ಹಳದಿ ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ಮಣ್ಣು ಸಿಕ್ಕಿತು, ಜೆಸಿಬಿಯವರ ಬಾಯಲ್ಲಿ ಮುರುಮ. ಒಂಬತ್ತು ಅಡಿಯಲ್ಲಿ ಅದು ಚದರ ಮೀಟರಿಗೆ 20 ಟನ್ ಭಾರ ಹೊರುತ್ತದೆ ಅಂತ ರಿಪೋರ್ಟ್ ಬಂತು. ಗರಸು ಇನ್ನೂ ಆಳದಲ್ಲಿದ್ದಿದ್ದರೆ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಹಾಕಬೇಕಾಗುತ್ತಿತ್ತು, ನಮ್ಮ ಲೆಕ್ಕವೇ ಕೆಡುತ್ತಿತ್ತು.

ತಪ್ಪಿದ್ದು ಕ್ಯಾಲೆಂಡರಿನಲ್ಲಿ. ಪ್ಲ್ಯಾನ್ ಪಾಸಾಗಿ, ರೇರಾ (ಮನೆ ಕೊಳ್ಳುವವರ ರಕ್ಷಣೆಯ ಕಾಯ್ದೆ) ನಂಬರ್ ಕೈಗೆ ಬರುವಾಗ ಏಪ್ರಿಲ್ ಮುಗಿಯುತ್ತಾ ಬಂದಿತ್ತು. ಜಾಗ 500 ಚದರ ಮೀಟರಿಗಿಂತ ಜಾಸ್ತಿ ಇದ್ದರೆ ಅಥವಾ ಫ್ಲಾಟ್ ಎಂಟಕ್ಕಿಂತ ಜಾಸ್ತಿ ಇದ್ದರೆ ರೇರಾ ನೋಂದಣಿ ಆಗಲೇಬೇಕು. ಅದಿಲ್ಲದೆ ಬೋರ್ಡ್ ಹಾಕುವ ಹಾಗಿಲ್ಲ, ಬುಕಿಂಗ್ ತೆಗೆದುಕೊಳ್ಳುವ ಹಾಗಿಲ್ಲ. (ಷಡ್ಡಕ ಆಗಲೇ ಒಂದು ಫ್ಲೆಕ್ಸ್ ಹಾಕಿಸಿದ್ದ. ರಾತ್ರೋರಾತ್ರಿ ಕಿತ್ತು ತಂದೆವು.) ಆಗ ನನ್ನ ಮುಂದೆ ಎರಡು ದಾರಿ ಇದ್ದವು. ದಸರಾ ತನಕ ಸುಮ್ಮನೆ ಕೂರುವುದು, ಇಲ್ಲವೇ ಮಳೆಗಿಂತ ಮುಂಚೆ ಪ್ಲಿಂತ್ (ಪಾಯದಿಂದ ನೆಲಮಟ್ಟದ ತನಕದ ಕೆಲಸ) ಮುಗಿಸುತ್ತೇನೆ ಅಂತ ಓಡುವುದು. ಓಡಿದೆ. ಆ ವರ್ಷ ಮಾರ್ಚ್-ಏಪ್ರಿಲ್‌ನಲ್ಲಿ ಸಳಿಯ (ಕಬ್ಬಿಣದ ಸರಳಿನ) ರೇಟು ಟನ್ನಿಗೆ 75 ಸಾವಿರ ದಾಟಿತ್ತು. ಇನ್ನೂ ಏರುತ್ತದೆ ಅನ್ನುವ ಹೆದರಿಕೆಯೂ ಓಡಿಸಿತು. ತಮಾಷೆ ಅಂದರೆ ಮೇ 21ಕ್ಕೆ ಕೇಂದ್ರ ಸರ್ಕಾರ ಉಕ್ಕಿನ ರಫ್ತಿನ ಮೇಲೆ ಸುಂಕ ಹಾಕಿತು, ರೇಟು ಇಳಿಯಿತು. ಅಷ್ಟರಲ್ಲಿ ನಮ್ಮ ಸಳಿ ಸೈಟಿನಲ್ಲಿ ತುಕ್ಕು ಹಿಡಿಯುತ್ತಿತ್ತು.

ಎರಡು ಪಂಪ್ ಹಚ್ಚಿದೆವು. ಹಗಲು ನೀರು ಹೊರಗೆ, ರಾತ್ರಿ ಮತ್ತೆ ಒಳಗೆ. ನೀರಿಗಿಂತ ದೊಡ್ಡ ತಲೆನೋವು ಗುಂಡಿಯ ಗೋಡೆ. ನೆನೆದ ಎರೆ ಮಣ್ಣು ಕೇಕಿನ ತುಂಡಿನ ಹಾಗೆ ಜಾರಿ ಬೀಳುತ್ತದೆ. ಪೂರ್ವಕ್ಕೆ ಐದು ಅಡಿ ದೂರದಲ್ಲಿ ಒಂದು ಹಳೆಯ ಮನೆ, ಒಳಗೆ ಎರಡು ಮಗ್ಗ. ವಡಗಾವಿಯಲ್ಲಿ ನೇಕಾರರ ಮನೆ ಇಲ್ಲದ ಓಣಿ ಕಡಿಮೆ. ಒಂದು ಬೆಳಗ್ಗೆ ಆ ಮನೆಯ ಕಾಕಾ ಬಂದು ಪಂಪಿನ ಹತ್ತಿರ ನಿಂತರು. ಜಗಳಕ್ಕೆ ಬಂದರು ಅಂದುಕೊಂಡೆ. ಅವರು ಮೆಲ್ಲಗೆ, "ತಮ್ಮಾ, ನಮ್ಮ ಮಗ್ಗದ ಸಪ್ಪಳಾ ಬದಲಾಗೇತಿ. ಒಮ್ಮಿ ಬಂದು ಕೇಳು" ಅಂದರು.

ಹೋಗಿ ಕೇಳಿದೆ. ನನ್ನ ಕಿವಿಗೆ ಏನೂ ಗೊತ್ತಾಗಲಿಲ್ಲ, ಟಕಟಕ ಅಷ್ಟೇ. ಅವರು ಮಗ್ಗ ನಿಲ್ಲಿಸಿ ಅದರ ಕಾಲಿನ ಕೆಳಗೆ ಬೆರಳು ತೂರಿಸಿ ತೋರಿಸಿದರು. ಒಂದು ಕಾಲು ನೆಲ ಬಿಟ್ಟು ಕಾಗದದ ದಪ್ಪದಷ್ಟು ಎದ್ದಿತ್ತು. ಟ್ಯೂಬ್ ಲೆವೆಲ್ ಹಿಡಿದರೆ ನಮ್ಮ ಗುಂಡಿಯ ಕಡೆಯ ನೆಲ ಅರ್ಧ ಇಂಚು ಕುಸಿದಿತ್ತು. ಗೋಡೆಯಲ್ಲಿ ಇನ್ನೂ ಬಿರುಕು ಕಾಣಿಸಿರಲಿಲ್ಲ. ಮನೆ ಹೇಳುವುದಕ್ಕೆ ಮುಂಚೆ ಮಗ್ಗ ಹೇಳಿತ್ತು.

ಅವತ್ತೇ ತೀರ್ಮಾನ ಮಾಡಿದೆ. ಆ ಕಡೆಯ ನಾಲ್ಕು ಗುಂಡಿ ಮುಚ್ಚುವುದು. ಅಗೆದು ತೆಗೆದ ಕಪ್ಪು ಮಣ್ಣಿನಿಂದಲ್ಲ, ಹೊರಗಿನಿಂದ ತಂದ ಗರಸಿನಿಂದ. 30 ಟ್ರಿಪ್ ಡಂಪರ್ ಬಂತು. ಕಾಕಾನ ಗೋಡೆಗೆ ಒತ್ತಿ ಉಸುಕಿನ ಚೀಲ ಪೇರಿಸಿದೆವು. ಅವರ ನೆಲ ನಮ್ಮ ಖರ್ಚಿನಲ್ಲಿ ಎತ್ತಿ ಫರಸಿ ಹಾಕಿಸಿಕೊಟ್ಟೆ. ಷಡ್ಡಕ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಜೂನ್‌ನಲ್ಲಿ ಬಿಗಾರಿಗಳೆಲ್ಲ ಕಾರ ಹುಣ್ಣಿಮೆ, ಬಿತ್ತಿಗೆ ಅಂತ ಊರಿಗೆ ಹೋದರು. ಜುಲೈ ಮಳೆ ಪೂರ್ತಿ ಹಿಡಿಯಿತು. ಬೆಳಗಾವಿಯಲ್ಲಿ ವರ್ಷಕ್ಕೆ ಸುಮಾರು 1,300 ಮಿಲಿಮೀಟರ್ ಮಳೆ. ಅದೇ ಜಿಲ್ಲೆಯ ಅಥಣಿಯಲ್ಲಿ ಅದರ ಅರ್ಧವೂ ಇಲ್ಲ. ಹಾಗಾಗಿ ಅಥಣಿ ಕಡೆ ಕೆಲಸ ಮಾಡಿದ ಗೌಂಡಿ "ಏನೂ ಆಗಂಗಿಲ್ರಿ" ಅಂದರೆ ಅವನ ಅನುಭವ ಸುಳ್ಳಲ್ಲ, ಆದರೆ ಇಲ್ಲಿ ನಡೆಯುವುದಿಲ್ಲ.

ಐದು ತಿಂಗಳು ಕೆಲಸ ನಿಂತಿತು. ಬ್ಯಾಂಕಿನ ಬಡ್ಡಿ ನಿಲ್ಲಲಿಲ್ಲ.

ದಸರಾ ಮುಗಿದ ಮೇಲೆ ಮತ್ತೆ ಶುರು ಮಾಡಿದೆವು. ಈ ಸಲ ನಾಲ್ಕು ನಾಲ್ಕೇ ಗುಂಡಿ. ಅಗೆದ ದಿನವೇ ತಳಕ್ಕೆ ಪಿಸಿಸಿ (ಸಳಿ ಇಲ್ಲದ ಕಾಂಕ್ರೀಟ್), ಮೂರನೇ ದಿನ ಫೂಟಿಂಗ್, ವಾರದೊಳಗೆ ಗರಸು ತುಂಬಿ ಧುಮ್ಮಸು. ಮೊದಲ ಸಲ ನೀರು ನಿಂತ ಗುಂಡಿಗಳ ತಳ ಕೆಸರಾಗಿತ್ತು. ಅದನ್ನು ಗಟ್ಟಿ ಸಿಗುವ ತನಕ ಕೆರೆದು ತೆಗೆದು, ಹೆಚ್ಚಿಗೆ ಆಳಕ್ಕೆ ಪಿಸಿಸಿಯನ್ನೇ ತುಂಬಿದೆವು. ಕಟ್ಟಡದ ಕೆಳಗಿನ ಕಪ್ಪು ಮಣ್ಣು ಆದಷ್ಟು ಹೊರಗೆ ಹಾಕಿದೆವು. ಸುತ್ತಲೂ ನಾಲ್ಕು ಅಡಿ ಅಗಲ ಕಾಂಕ್ರೀಟ್ ಅಂಚು ಕೊಟ್ಟೆ, ಮಾಳಿಗೆಯ ನೀರು ಪಾಯದ ಬುಡಕ್ಕೆ ಇಳಿಯಬಾರದು ಅಂತ. ಇಂಗು ಗುಂಡಿಯನ್ನೂ ಗರಸಿನ ತನಕ ಇಳಿಸಿದೆ. ಎರೆ ಮಣ್ಣಿನಲ್ಲೇ ನಿಲ್ಲಿಸಿದರೆ ನೀರು ಇಂಗುವುದಿಲ್ಲ, ಸೊಳ್ಳೆ ಸಾಕಿದ ಹಾಗೆ ಆಗುತ್ತದೆ. ಡಿಸೆಂಬರಿಗೆ ಪ್ಲಿಂತ್ ಮುಗಿಯಿತು.

ಕಾಲಂ ಕಟ್ಟುವಾಗ ರಿಂಗಿನ (ನಿಂತ ಸಳಿಗಳನ್ನು ಸುತ್ತಿ ಹಿಡಿಯುವ ಬಳೆಯ) ಜಗಳ ಬಂತು. ಬೆಳಗಾವಿ ಭೂಕಂಪದ ಲೆಕ್ಕದಲ್ಲಿ ಮೂರನೇ ವಲಯ, ಭೂಕಂಪದ ಕೋಡು ಐಎಸ್ 1893ರ 2016ರ ಆವೃತ್ತಿಯಲ್ಲಿ ಹಾಗೇ ಇದೆ. ಮಹಾರಾಷ್ಟ್ರದ ಕೊಯ್ನಾ ಕೂಡ ಬಹಳ ದೂರವಲ್ಲ. ಅಲ್ಲಿ ಆದ 1967ರ ಡಿಸೆಂಬರ್ 11ರ ಭೂಕಂಪದ ನಡುಕ ನೆನಪಿರುವ ಹಿರಿಯರು ನಮ್ಮ ಓಣಿಯಲ್ಲೇ ಇದ್ದಾರೆ. ಅದರ ಮೇಲೆ ನಮ್ಮ ಕಟ್ಟಡದ ಕೆಳಗೆ ಪಾರ್ಕಿಂಗ್, ಗೋಡೆ ಇಲ್ಲ, ಬರೀ ಕಾಲಂ. 2001ರ ಭುಜ್ ಭೂಕಂಪದಲ್ಲಿ ಅಹಮದಾಬಾದ್‌ನಲ್ಲಿ ಬಿದ್ದ ಅಪಾರ್ಟ್‌ಮೆಂಟ್‌ಗಳಲ್ಲಿ ಇಂಥವೇ ಬಹಳ. ಹಾಗಾಗಿ ರಿಂಗಿನ ತುದಿ 135 ಡಿಗ್ರಿ ಬಾಗಿ ಕಾಲಂನ ಒಳಗೆ ಚುಚ್ಚಿಕೊಳ್ಳಬೇಕು ಅಂತ ಡ್ರಾಯಿಂಗಿನಲ್ಲಿತ್ತು. ಫಿಟ್ಟರ್ 90ಕ್ಕೇ ಬಗ್ಗಿಸಿದ್ದ. "ಕಾಂಕ್ರೀಟ್ ಹಾಕಿದ ಮ್ಯಾಲ ಯಾರ ನೋಡ್ತಾರ್ರಿ ಸಾಹೇಬ್ರ?" ಅಂದ. ನಾನು ಕೋಡು ಓದಿ ಹೇಳಲಿಲ್ಲ. ಅವನ ರಿಂಗನ್ನೇ ಅವನ ಕೈಗೆ ಕೊಟ್ಟು, ಎರಡು ಕಡೆ ಹಿಡಿದು ಜಗ್ಗು ಅಂದೆ. ಬಾಯಿ ಬಿಟ್ಟುಕೊಂಡಿತು. ಆಮೇಲೆ 135ಕ್ಕೆ ಬಗ್ಗಿಸಿ ಸಳಿಗೆ ಸಿಕ್ಕಿಸಿದ ರಿಂಗ್ ಜಗ್ಗು ಅಂದೆ. ಜಗ್ಗಿ ನೋಡಿ ನಕ್ಕ. 400 ರಿಂಗ್ ಮತ್ತೆ ಬಗ್ಗಿಸಬೇಕಾಯಿತು. ಬೈಯುತ್ತಲೇ ಬಗ್ಗಿಸಿದ.

ಜನವರಿಯಿಂದ ಮೇ ತನಕ ತಿಂಗಳಿಗೊಂದು ಸ್ಲ್ಯಾಬ್. ಇದರಲ್ಲಿ ಹೇಳುವಂಥದ್ದು ಕಡಿಮೆ, ಎಲ್ಲ ಸರಿಯಾಗಿ ನಡೆಯಿತು. ಸ್ಲ್ಯಾಬಿನ ಮೇಲೆ ಮಣ್ಣಿನ ಸಣ್ಣ ಬದು ಕಟ್ಟಿ ಕ್ಯೂರಿಂಗಿಗೆ ನೀರು ನಿಲ್ಲಿಸಿದ್ದೆವು. ಜಾಗದ ಮೂವರಲ್ಲಿ ಹಿರಿಯಣ್ಣ ಏಣಿ ಹತ್ತಿ ಬಂದರು. ಅವರದು ಮನೆಯಲ್ಲಿ ಮರಾಠಿ, ನನ್ನ ಹತ್ತಿರ ಕನ್ನಡ. ಬದು, ನೀರು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ಗದ್ದಿನs ಮಾಡಿದ್ರಲ್ರಿ" ಅಂದರು. ನಗುತ್ತಿದ್ದರೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

2023ರ ಜೂನ್‌ನಲ್ಲಿ ಮಳೆಯೇ ಬರಲಿಲ್ಲ. ಹಿಂದಿನ ವರ್ಷ ನೀರು ಹೊರಗೆ ಹಾಕಲು ದುಡ್ಡು ಕೊಟ್ಟವನು ಈ ವರ್ಷ ಪ್ಲಾಸ್ಟರಿಗೆ ನೀರು ಹೊಡೆಯಲು ಟ್ಯಾಂಕರಿಗೆ ದುಡ್ಡು ಕೊಟ್ಟೆ.

ದುಡ್ಡಿನ ವಿಷಯಕ್ಕೆ ಬಂದರೆ, ಗಿರಾಕಿಗಳಿಂದ ಬಂದ ಹಣದ ಶೇ. 70 ರೇರಾ ಪ್ರಕಾರ ಬೇರೆ ಖಾತೆಯಲ್ಲೇ ಇರಬೇಕು, ಆ ಕಟ್ಟಡಕ್ಕೇ ಖರ್ಚಾಗಬೇಕು. ಮೊದಲು ಕಿರಿಕಿರಿ ಅನಿಸಿತ್ತು. ಷಡ್ಡಕ ಮಜಗಾವಿಯಲ್ಲಿ ಇನ್ನೊಂದು ಜಾಗ ನೋಡಿ ಬಂದ ದಿನ ಆ ಖಾತೆಗೆ ಕೈ ಮುಗಿದೆ. ಗಿರಾಕಿಗಳಲ್ಲಿ ಅರ್ಧ ಜನ ಪುಣೆ, ಬೆಂಗಳೂರಿನಲ್ಲಿ ಮಕ್ಕಳಿರುವ ನಿವೃತ್ತರು. "ರೆಡಿ ಆದ ಮ್ಯಾಲ ಹೇಳ್ರಿ" ಅನ್ನುವವರೇ ಜಾಸ್ತಿ. ಕಾರಣ ಇದೆ. ಕಟ್ಟುತ್ತಿರುವ ಫ್ಲಾಟಿಗೆ ಶೇ. 5 ಜಿಎಸ್‌ಟಿ. ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಮಾರಿದರೆ ಜಿಎಸ್‌ಟಿ ಇಲ್ಲ. ಬೆಲೆ 45 ಲಕ್ಷದ ಒಳಗೆ, ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ಜಾಗ) 90 ಚದರ ಮೀಟರಿನ ಒಳಗೆ ಇದ್ದರೆ ಬೆಳಗಾವಿಯಂಥ ಊರಿನಲ್ಲಿ ಶೇ. 1 ಮಾತ್ರ. ನಮ್ಮ ಫ್ಲಾಟ್‌ಗಳು ಆ ಲೆಕ್ಕದಲ್ಲಿ ಕೂತವು, ಅದನ್ನು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಬುಕಿಂಗ್ ಬಂದವು. ಹಾಗೇ 1,080 ಅಡಿ ಸೂಪರ್ ಬಿಲ್ಟಪ್ (ಮೆಟ್ಟಿಲು, ಲಿಫ್ಟಿನಂಥ ಜಾಗದ ಪಾಲೂ ಸೇರಿದ್ದು) ಅಂತ ಬಾಯಲ್ಲಿ ಹೇಳುವುದನ್ನು ಬಿಟ್ಟು, ಕಾರ್ಪೆಟ್ 790 ಅಂತಲೇ ಮೊದಲು ಹೇಳಿದೆ. ಕೆಲವರು ಎದ್ದು ಹೋದರು. ಕೂತವರು ಆಮೇಲೆ ಟೇಪ್ ಹಿಡಿದು ಜಗಳಕ್ಕೆ ಬರಲಿಲ್ಲ.

ಪಾರ್ಕಿಂಗ್ ಮಾತ್ರ ನನ್ನದೇ ದಡ್ಡತನ. ಮೇಲಿನ ಬೆಡ್‌ರೂಮಿಗೆ ಸರಿಯಾಗುವ ಹಾಗೆ ಕಾಲಂ ಇಟ್ಟೆ. ಕೆಳಗೆ ಬಂದು ನೋಡಿದರೆ ಎರಡು ಕಾಲಂ ನಡುವೆ ಒಂದೂವರೆ ಕಾರು. ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ ಬೇಕು, ಅರ್ಧ ಕಾರು ಯಾರ ಹತ್ತಿರವೂ ಇರುವುದಿಲ್ಲ. ಅದು ಸಾಲದು ಅಂತ ಟಿ.ಸಿ.ಗೆ (ಟ್ರಾನ್ಸ್‌ಫಾರ್ಮರಿಗೆ) ಜಾಗ ತೋರಿಸುವುದನ್ನೇ ಮರೆತಿದ್ದೆ. 16 ಮನೆ, ಲಿಫ್ಟ್, ಬೋರ್ ಪಂಪ್, ಇಷ್ಟು ಲೋಡಿಗೆ ಬೇರೆ ಟ್ರಾನ್ಸ್‌ಫಾರ್ಮರ್ ಬೇಕಾಯಿತು. ಎರಡು ಪಾರ್ಕಿಂಗ್ ಅದಕ್ಕೆ ಹೋದವು. ನಮ್ಮ ಪಾಲಿನ ಎರಡು ಫ್ಲಾಟ್ ಪಾರ್ಕಿಂಗ್ ಇಲ್ಲದೆ, ಕಡಿಮೆ ಬೆಲೆಗೆ ಮಾರಿದೆವು. ಈಗ ನಡೆಯುತ್ತಿರುವ ಎರಡನೇ ಕಟ್ಟಡದಲ್ಲಿ ಮೊದಲು ಕಾರು ಬರೆಸಿದೆ, ಆಮೇಲೆ ಕಾಲಂ, ಕೊನೆಗೆ ಬೆಡ್‌ರೂಮ್. ಜೆಸಿಬಿಯನ್ನು ದೀಪಾವಳಿ ಪಾಡ್ಯದ ಮಾರನೇ ದಿನಕ್ಕೇ ಹೇಳಿಟ್ಟಿದ್ದೆ.

2024ರ ಮಧ್ಯದಲ್ಲಿ ಕೀಲಿ ಕೊಟ್ಟೆವು. ಕೀಲಿ ತೆಗೆದುಕೊಂಡ ಒಬ್ಬ ಅಜ್ಜಿ ಕೇಳಿದ್ದು ಒಂದೇ: "ಗಚ್ಚಿ ಕೀಲಿ ಯಾರ ಕಡೆ ಇರ್ತೇತಿ? ಸಂಡಿಗಿ ಎಲ್ಲೆ ಹಾಕ್ಲಿ?" ಅಷ್ಟು ಡ್ರಾಯಿಂಗ್ ಮಾಡಿದವನಿಗೆ ಇದು ಹೊಳೆದಿರಲಿಲ್ಲ. ಮಾಳಿಗೆಯಲ್ಲಿ ಟಾಕಿ, ಸೋಲಾರ್ ಬಿಟ್ಟು ಉಳಿದ ಜಾಗಕ್ಕೆ ಬಿಳಿ ಟೈಲ್ಸ್ ಹಾಕಿಸಿ, ಕೀಲಿ ಲಿಫ್ಟ್ ಪಕ್ಕದ ಮೊಳೆಗೆ ತೂಗು ಹಾಕಿದ್ದೇವೆ.

ಕಟ್ಟಡಕ್ಕೆ ಐದು ವರ್ಷ ನನ್ನ ಹೊಣೆ ಇದೆ, ರೇರಾ ಹಾಗೇ ಹೇಳುತ್ತದೆ. ಇಲ್ಲಿತನಕ ಒಂದು ಕಾಲಂ, ಒಂದು ಬೀಮು ತಕರಾರು ಮಾಡಿಲ್ಲ. ತಕರಾರು ಇರುವುದು ಪಶ್ಚಿಮದ ಕಂಪೌಂಡ್ ಗೋಡೆಯದು. ಕೊನೆಗೆ ದುಡ್ಡು ಮುಗಿದು, "ಬರೀ ಕಂಪೌಂಡ್ ತಾನೇ" ಅಂತ ಎರಡೂವರೆ ಅಡಿಗೇ ಪಾಯ ನಿಲ್ಲಿಸಿ ಎರೆ ಮಣ್ಣಿನ ಮೇಲೆ ಕೂರಿಸಿದ್ದೆ. ಬೇಸಿಗೆಯಲ್ಲಿ ಗೇಟಿನ ಪಕ್ಕ ಬೆರಳು ಹೋಗುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದ ಹದಿನೈದು ದಿನಕ್ಕೆ ಮುಚ್ಚಿಕೊಳ್ಳುತ್ತದೆ. ಪಕ್ಕದ ಕಾಕಾ ಪ್ರತಿ ಏಪ್ರಿಲ್‌ನಲ್ಲಿ ಫೋನ್ ಮಾಡುತ್ತಾರೆ, "ತಮ್ಮಾ, ನಿನ್ನ ಗ್ವಾಡಿ ಬಾಯಿ ತಗದೇತಿ ನೋಡು" ಅಂತ. ಒಬ್ಬ ಗೌಂಡಿ, ಅರ್ಧ ಚೀಲ ಸಿಮೆಂಟ್ ಕಳಿಸುತ್ತೇನೆ.