ಸರಿಗಮ ಬರೆದ ಫೈಲನ್ನೇ ಹಾಡಿಸೋಣ

ನಮ್ಮ ಕರ್ನಾಟಕ ಸಂಗೀತದ ಸ್ವರಲಿಪಿಯನ್ನು ಕಂಪ್ಯೂಟರಿಗೆ ಕೊಡುವುದು ಬಹಳ ಸುಲಭ. ಪಾಶ್ಚಾತ್ಯ ಸಂಗೀತದ ಹಾಗೆ ಐದು ಗೆರೆ ಎಳೆಯಬೇಕಿಲ್ಲ, ಬಾಲ ಇರುವ ಚುಕ್ಕೆ ಇಡಬೇಕಿಲ್ಲ. ಮೊದಲ ಪಾಠವಾದ ಸರಳೆ ವರಸೆಯ ಪುಸ್ತಕದಲ್ಲಿ ಇರುವುದು ಅಕ್ಷರ, ಅಲ್ಪವಿರಾಮ, ಗೀಟು, ಅಷ್ಟೇ ಅಲ್ವಾ? ಅದನ್ನು ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿ, ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ಗೆ ಓದಲು ಕೊಡಬಹುದು. ಹಗಲು ನನ್ನದು ಕೋಡ್ ಬರೆಯುವ ಕೆಲಸ, ಸಂಜೆ ಮಕ್ಕಳಿಗೆ ಸಂಗೀತ ಪಾಠ. ಹೊಸ ಅಲಂಕಾರಗಳನ್ನು (ತಾಳಕ್ಕೆ ಹೊಂದಿಸಿದ ಸ್ವರಾಭ್ಯಾಸ) ಹೀಗೇ ಕಟ್ಟಿ, ಮನೆಯಲ್ಲಿ ಅಭ್ಯಾಸ ಮಾಡಲಿ ಅಂತ ಫೋನಿಗೆ ಕಳಿಸುತ್ತೇನೆ. ನಿಮಗೆ ಲಿಸ್ಟ್, ಡಿಕ್ಷನರಿ, ಫಾರ್ ಲೂಪ್ ಗೊತ್ತಿದ್ದರೆ ಸಾಕು.

ಮೊದಲು ಬರೆಯುವ ಕ್ರಮ. ಆದಿತಾಳದ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು, ಹೀಗಿರುತ್ತದೆ:

ಸ ರಿ ಗ , | ಮ ಪ | ದ ನಿ ||

ಪ್ರತಿ ಸ್ವರದ ನಡುವೆ ಒಂದು ಜಾಗ ಬಿಡಿ. ಇದು ಅಂದಕ್ಕಲ್ಲ. ‘ಸರಿಗಮಪದನಿ’ ನಮ್ಮ ಕಣ್ಣಿಗೆ 7 ಸ್ವರ, ಪೈಥಾನ್ ಎಣಿಸಿದರೆ 9. ಯೂನಿಕೋಡ್‌ನಲ್ಲಿ ‘ರಿ’ ಅಂದರೆ ರ ಒಂದು, ಗುಡಿಸು ಇನ್ನೊಂದು. ‘ನಿ’ ಕೂಡ ಹಾಗೇ. ಅಕ್ಷರ ಅಕ್ಷರವಾಗಿ ಓದಿಸಿದರೆ ಗುಡಿಸು ಬೇರೆಯಾಗಿ ಬಿದ್ದು ಪ್ರೋಗ್ರಾಂ ಕಂಗಾಲಾಗುತ್ತದೆ. ಜಾಗ ಬಿಟ್ಟು ಬರೆದರೆ ಜಾಗವಿದ್ದಲ್ಲಿ ತುಂಡರಿಸುವ ಸ್ಪ್ಲಿಟ್ ಒಂದರಲ್ಲೇ ಕೆಲಸ ಮುಗಿಯುತ್ತದೆ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಹೇಳುವುದನ್ನು ಮರೆಯಬೇಡಿ. ವಿಂಡೋಸ್‌ನಲ್ಲಿ ಇದು ತುಂಬಾ ಮುಖ್ಯ.

ಅಲ್ಪವಿರಾಮ ಬಂದರೆ ಹಿಂದಿನ ಸ್ವರ ಒಂದು ಅಕ್ಷರಕಾಲ (ತಾಳದ ಒಂದು ಎಣಿಕೆ) ಉದ್ದವಾಗಬೇಕು, ಅರ್ಧವಿರಾಮ ಬಂದರೆ ಎರಡು. ಪುಸ್ತಕದಲ್ಲಿ ತಾರಸ್ಥಾಯಿಗೆ (ಮೇಲಿನ ಸ್ಥಾಯಿ) ಸ್ವರದ ಮೇಲೆ ಚುಕ್ಕೆ, ಮಂದ್ರಕ್ಕೆ (ಕೆಳಗಿನ ಸ್ಥಾಯಿ) ಕೆಳಗೆ ಚುಕ್ಕೆ ಇರುತ್ತದೆ. ಟೈಪ್ ಮಾಡುವಾಗ ಅದು ರಗಳೆ. ನಾನು ಸ+ ಮತ್ತು ನಿ- ಅಂತ ಬರೆಯುತ್ತೇನೆ. + ಕಂಡರೆ ಕಂಪನಾಂಕ ಎರಡರಷ್ಟು, - ಕಂಡರೆ ಅರ್ಧ.

ಗೀಟುಗಳಿಗೆ ಸದ್ದಿಲ್ಲ, ಆದರೆ ಬಿಸಾಡಬೇಡಿ. || ಬಂದಾಗಲೆಲ್ಲ 8 ಅಕ್ಷರಕಾಲ ಆಗಿದೆಯೇ ಎಂದು ಎಣಿಸಿ, ಇಲ್ಲದಿದ್ದರೆ ಸಾಲಿನ ಸಂಖ್ಯೆ ತೋರಿಸಿ ನಿಲ್ಲುವ ಹಾಗೆ ಬರೆಯಿರಿ. ತಾಳ ತಪ್ಪಿದ್ದನ್ನು ಪ್ರೋಗ್ರಾಂ ಮುಲಾಜಿಲ್ಲದೆ ಹೇಳುತ್ತದೆ. ನನಗಂತೂ ಇಡೀ ಕೋಡಿನಲ್ಲಿ ಜಾಸ್ತಿ ಉಪಯೋಗಕ್ಕೆ ಬಂದ ಭಾಗ ಇದೇ.

ಇನ್ನು ರಾಗದ ಡಿಕ್ಷನರಿ. ಮಾಯಾಮಾಳವಗೌಳ ರಾಗಕ್ಕೆ ಷಡ್ಜದ (ಸ) ಮೇಲಿನ ಅನುಪಾತ ಇಡಿ: ಸ 1, ರಿ 16/15, ಗ 5/4, ಮ 4/3, ಪ 3/2, ದ 8/5, ನಿ 15/8. ಷಡ್ಜ 196 ಹರ್ಟ್ಸ್ ಆದರೆ ಗಾಂಧಾರ (ಗ) 245, ಪಂಚಮ (ಪ) 294. ಶ್ರುತಿ ಬದಲಿಸಲು ಆ 196 ಒಂದನ್ನೇ ತಿದ್ದಿದರೆ ಆಯಿತು. ಪೈಥಾನ್ 3ರಲ್ಲಿ ವೇರಿಯಬಲ್‌ಗೂ ಕನ್ನಡ ಹೆಸರು ನಡೆಯುತ್ತದೆ. ಶ್ರುತಿ, ಕಾಲ, ಸ್ಥಾಯಿ ಅಂತಲೇ ಇಟ್ಟುಕೊಳ್ಳಿ.

ಸದ್ದು ಮಾಡಲು ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಪೈಥಾನ್ ಜೊತೆಗೇ ಬರುವ ವೇವ್, ಸ್ಟ್ರಕ್ಟ್, ಮ್ಯಾಥ್ ಮಾಡ್ಯೂಲುಗಳು ಸಾಕು. ಸೆಕೆಂಡಿಗೆ 44100 ಸ್ಯಾಂಪಲ್, 16 ಬಿಟ್, ಒಂದೇ ಚಾನೆಲ್. ಪ್ರತಿ ಸ್ಯಾಂಪಲ್‌ಗೂ 2 × ಪೈ × ಕಂಪನಾಂಕ × ಸಮಯ ಲೆಕ್ಕ ಹಾಕಿ, ಅದರ ಸೈನ್ ತೆಗೆದು, 32767ರಿಂದ ಗುಣಿಸಿ ಬರೆಯಿರಿ.

ಇಷ್ಟಕ್ಕೇ ನಿಲ್ಲಿಸಿ, ಪ್ರತಿ ಸ್ವರ ಜೋಡಿಯಾಗಿ ಬರುವ ಜಂಟಿ ವರಸೆ ಹಾಕಿ ನೋಡಿ. ‘ಸ ಸ ರಿ ರಿ’ ಅಂತ ಬರೆದಿದ್ದರೂ ಕಿವಿಗೆ ಬರುವುದು ಉದ್ದನೆಯ ಒಂದು ಸ, ಉದ್ದನೆಯ ಒಂದು ರಿ. ಎರಡನೇ ಸ್ವರ ಎಲ್ಲಿ ಶುರುವಾಯಿತು ಅಂತಲೇ ತಿಳಿಯುವುದಿಲ್ಲ. ಅದಕ್ಕೆ ಪ್ರತಿ ಸ್ವರದ ಮೊದಲ 10 ಮಿಲಿಸೆಕೆಂಡು ಸದ್ದನ್ನು ಸೊನ್ನೆಯಿಂದ ಏರಿಸಿ, ಕೊನೆಯ 50ರಲ್ಲಿ ಸೊನ್ನೆಗೆ ಇಳಿಸಿ. ಸ್ವರ ಬದಲಾಗುವಾಗ ಕೇಳುವ ಟಕ್ ಟಕ್ ಶಬ್ದವೂ ಇದರಿಂದಲೇ ಹೋಗುತ್ತದೆ. ಜಂಟಿಯಲ್ಲಿ ಎರಡನೆಯದಕ್ಕೆ ಒತ್ತು ಕೊಡಬೇಕಲ್ಲ, ಹಿಂದಿನ ಸ್ವರವೇ ಮತ್ತೆ ಬಂದರೆ ಸ್ವಲ್ಪ ಜೋರು ಮಾಡಿ. ಹಿನ್ನೆಲೆಯಲ್ಲಿ ತಂಬೂರಿಯ ಹಾಗೆ ಶ್ರುತಿ ಬೇಕಿದ್ದರೆ ಸ, ಪ ಎರಡನ್ನೂ ಸಣ್ಣಗೆ ಕೂಡಿಸಿ. ಸ್ವರಕ್ಕೆ 0.6, ಶ್ರುತಿಗೆ ತಲಾ 0.15 ಇಟ್ಟರೆ ಮೊತ್ತ ಮಿತಿ ದಾಟುವುದಿಲ್ಲ. ದಾಟಿದರೆ ಸ್ಟ್ರಕ್ಟ್ ತಕರಾರು ತೆಗೆಯುತ್ತದೆ.

ಈಗ ಹೊಸದನ್ನು ಕಟ್ಟುವ ಮಜಾ. ಸ್ವರಗಳನ್ನು ಸ ಇಂದ ಸ+ ವರೆಗೆ ಲಿಸ್ಟ್‌ನಲ್ಲಿ ಇಟ್ಟು, ಒಂದು ಅಚ್ಚು ಆರಿಸಿ: 0 1 0 2. ಅದನ್ನು ಒಂದೊಂದೇ ಮೆಟ್ಟಿಲು ಮೇಲಕ್ಕೆ ಜರುಗಿಸಲು ಲೂಪ್ ಬರೆದರೆ ಬರುವುದು ಇದು:

ಸ ರಿ ಸ ಗ | ರಿ ಗ | ರಿ ಮ ||
ಗ ಮ ಗ ಪ | ಮ ಪ | ಮ ದ ||
ಪ ದ ಪ ನಿ | ದ ನಿ | ದ ಸ+ ||

24 ಸ್ವರ, ಸರಿಯಾಗಿ 3 ಆವರ್ತ. ಅದೇ 0 2 1 ಕೊಟ್ಟರೆ 18 ಸ್ವರ ಬರುತ್ತದೆ. ಆದಿತಾಳದಲ್ಲಿ ಕೂರುವುದಿಲ್ಲ, 6 ಅಕ್ಷರಕಾಲದ ರೂಪಕ ತಾಳದಲ್ಲಿ ಚೆನ್ನಾಗಿ ಕೂರುತ್ತದೆ. ಅಚ್ಚುಗಳನ್ನು ಕೋಡೇ ಹುಟ್ಟಿಸಲಿ, ಸ್ವರಗಳ ಸಂಖ್ಯೆಯನ್ನು ತಾಳದ ಎಣಿಕೆಯಿಂದ ಭಾಗಿಸಿದಾಗ ಶೇಷ ಸೊನ್ನೆ ಬಂದವನ್ನು ಮಾತ್ರ ಉಳಿಸಲಿ. ಆದರೆ ಕೊನೆಯ ಆಯ್ಕೆ ನಿಮ್ಮ ಬಾಯಿಯದು. ಲೆಕ್ಕಕ್ಕೆ ಕೂತರೂ ಹಾಡಲು ಹಿತವಿಲ್ಲದವು ಬೇಕಾದಷ್ಟು ಬರುತ್ತವೆ. ಹಾಡಿ ನೋಡಿ, ಒಪ್ಪದ್ದನ್ನು ಅಳಿಸಿಬಿಡಿ.

ರಿಷಭವನ್ನು (ರಿ) 9/8, ಧೈವತವನ್ನು (ದ) 5/3 ಮಾಡಿದರೆ ಅದೇ ಫೈಲ್ ಶಂಕರಾಭರಣದ ಸ್ವರಗಳಲ್ಲಿ ಕೇಳುತ್ತದೆ. ಮೋಹನ ರಾಗಕ್ಕೆ ಮಾತ್ರ ಹಳೆಯ ಫೈಲ್ ನಡೆಯದು, ಆ ರಾಗದಲ್ಲಿ ಮ, ನಿ ಇಲ್ಲವಲ್ಲ. ಸ ರಿ ಗ ಪ ದ ಸ+ ಲಿಸ್ಟ್ ಕೊಟ್ಟು ಅಚ್ಚನ್ನು ಮತ್ತೆ ಓಡಿಸಿ. 16 ಸ್ವರ, 2 ಆವರ್ತ. ತೋಡಿ ರಾಗದ ಹತ್ತಿರ ಮಾತ್ರ ಹೋಗಬೇಡಿ. ಅಲ್ಲಿ ಗಾಂಧಾರ ಒಂದೇ ಕಂಪನಾಂಕದಲ್ಲಿ ನಿಲ್ಲುವುದಿಲ್ಲ, ಗಮಕ (ಸ್ವರದ ತೂಗಾಟ) ಇಲ್ಲದೆ ಅದು ತೋಡಿಯೇ ಅಲ್ಲ. ವರಸೆ, ಅಲಂಕಾರಗಳಿಗೆ ಈ ಪ್ರೋಗ್ರಾಂ ಸಾಕು. ಎರಡನೇ ಕಾಲಕ್ಕೆ (ಎರಡರಷ್ಟು ವೇಗ) ಅಕ್ಷರಕಾಲಕ್ಕೆ 1 ಸೆಕೆಂಡು ಇದ್ದುದನ್ನು 0.5 ಮಾಡಿ, ಬೇರೆ ಹೆಸರಲ್ಲಿ ಸೇವ್ ಮಾಡಿ.