ಸೇನೆಯ ಧರ್ಮಗುರು, ಹಡಗಿನವರ ಚಾಪ್ಲಿನ್: ಮುಂಬೈ, ಪುಣೆ, ಗೋವಾದಿಂದ ಹೊರಡೋರು ಹೇಗೆ ಶುರು ಮಾಡ್ಬೇಕು

ಯೂನಿಫಾರ್ಮ್ ಹಾಕ್ಕೊಂಡು ಹಡಗಲ್ಲೇ ಇದ್ದು ಜನರಿಗೆ ಧೈರ್ಯ ಹೇಳೋ ಕೆಲಸ ಬೇಕು, ಅದಕ್ಕೆ ಏನು ಓದ್ಬೇಕು ಅಂತ ಮಾಟುಂಗಾದಿಂದ ವಾಸ್ಕೋ ತನಕ ನಮ್ಮ ಹುಡುಗ್ರು ಕೇಳ್ತಾರೆ. ಇಂಗ್ಲಿಷ್ ಸಿನಿಮಾದಲ್ಲಿ ಅಮೆರಿಕದ ನೇವಿ ಚಾಪ್ಲಿನ್, ಅಂದ್ರೆ ನೌಕಾಪಡೆಯವರ ಜೊತೆಗೇ ಇರೋ ಧರ್ಮಗುರುವನ್ನ ನೋಡಿರ್ತಾರೆ ಅನ್ಸುತ್ತೆ. ಅಲ್ಲಿ ಆ ಹುದ್ದೆ 1775ರಿಂದ ಉಂಟು, ಆದ್ರೆ ಅಮೆರಿಕದ ಪೌರತ್ವ ಬೇಕು, ಮಾಸ್ಟರ್ಸ್ ಮಟ್ಟದ ಧರ್ಮಶಾಸ್ತ್ರದ ಓದು ಬೇಕು, ನಿಮ್ಮ ಧರ್ಮದ ಸಂಸ್ಥೆ ಇವರು ನಮ್ಮವರು ಅಂತ ಬರೆದುಕೊಡ್ಬೇಕು. ಬ್ರಿಟನ್ನಿನ ರಾಯಲ್ ನೇವಿಯಲ್ಲಿ ಚಾಪ್ಲಿನ್‌ಗೆ ರ‍್ಯಾಂಕೇ ಇಲ್ಲ, ಎದುರಿಗೆ ಯಾರು ಕೂತಿದ್ದಾರೋ ಅವರ ರ‍್ಯಾಂಕೇ ಇವರದ್ದು ಅಂತ ಲೆಕ್ಕ, ಅಡ್ಮಿರಲ್ ಜೊತೆ ಅಡ್ಮಿರಲ್, ಡೆಕ್ ತೊಳೆಯೋನ ಜೊತೆ ಡೆಕ್ ತೊಳೆಯೋನು. ನನಗಂತೂ ಈ ಪದ್ಧತಿ ಭಾರಿ ಇಷ್ಟ. ಇಲ್ಲಿಂದ ಹೊರಡೋರಿಗೆ ಮಾತ್ರ ಮಿಲಿಟರಿ ಬಾಗಿಲು ಒಂದು ಕಡೆ, ಸಮುದ್ರದ ಬಾಗಿಲು ಇನ್ನೊಂದು ಕಡೆ, ಎರಡನ್ನೂ ಬೇರೆ ಬೇರೆಯಾಗೇ ನೋಡಿ.

ಮಿಲಿಟರಿದು ಮೊದ್ಲು ಹೇಳಿ ಮುಗಿಸ್ತೇನೆ. ನಮ್ಮ ಆರ್ಮಿಯಲ್ಲಿ ಧರ್ಮಗುರು ಹುದ್ದೆ ಉಂಟು, ರಿಲಿಜಿಯಸ್ ಟೀಚರ್ ಅಂತಾರೆ, ಪಂಡಿತ, ಗ್ರಂಥಿ, ಮೌಲವಿ, ಪಾದ್ರಿ, ಬೌದ್ಧ ಭಿಕ್ಷು ಎಲ್ಲ ಇದರಲ್ಲೇ ಬರೋದು. ಸೇರುವಾಗಲೇ ನಾಯಬ್ ಸುಬೇದಾರ್ ರ‍್ಯಾಂಕ್. ಯಾವುದಾದ್ರೂ ಡಿಗ್ರಿ ಆಗಿರ್ಬೇಕು, ಕಮ್ಮಿ ಅಂದ್ರೆ 25 ವರ್ಷ ತುಂಬಿರ್ಬೇಕು, ಮೇಲಿನ ಮಿತಿ ಆಯಾ ನೋಟಿಫಿಕೇಶನ್‌ನಲ್ಲಿ ನೋಡಿ, ಅದು ಬದಲಾಗ್ತಾ ಇರ್ತದೆ. ಪಂಡಿತರಿಗೆ ಸಂಸ್ಕೃತದಲ್ಲಿ ಆಚಾರ್ಯ, ಇಲ್ಲ ಶಾಸ್ತ್ರಿ ಜೊತೆಗೆ ಕರ್ಮಕಾಂಡದ ಒಂದು ವರ್ಷದ ಡಿಪ್ಲೊಮಾ. ಪಾದ್ರಿಗೆ ದೀಕ್ಷೆ ಆಗಿರ್ಬೇಕು, ಊರಿನ ಬಿಷಪ್ಪರ ಪಟ್ಟಿಯಲ್ಲಿ ಹೆಸರು ಇರ್ಬೇಕು. ಪೂಜೆ ಮಾಡೋನಿಗೆ ಓಟ ಯಾಕೆ ಅಂತ ಕೇಳ್ಬೇಡಿ ಮಾರಾಯ್ರೆ, 1600 ಮೀಟರ್ 8 ನಿಮಿಷದಲ್ಲಿ ಓಡಲೇಬೇಕು, ಆಮೇಲೆ ಎರಡು ಪೇಪರ್, ಒಂದು ಜನರಲ್, ಇನ್ನೊಂದು ನಿಮ್ಮ ಧರ್ಮದ್ದು. ಆಯ್ಕೆ ಆದ್ರೆ ಪುಣೆಯ ಇನ್‌ಸ್ಟಿಟ್ಯೂಟ್ ಆಫ್ ನ್ಯಾಶನಲ್ ಇಂಟಿಗ್ರೇಶನ್‌ನಲ್ಲಿ ಟ್ರೈನಿಂಗ್. ಬರೀ ಆರತಿ, ಪ್ರಾರ್ಥನೆ ಅಂದ್ಕೊಂಡು ಹೋಗ್ಬೇಡಿ, ಆಸ್ಪತ್ರೆಯಲ್ಲಿ ಮಲಗಿರೋರು, ಶಿಕ್ಷೆ ಅನುಭವಿಸ್ತಿರೋ ಸೈನಿಕರು, ಯಾರದ್ದೋ ಅಂತ್ಯಸಂಸ್ಕಾರ, ಇವೆಲ್ಲ ಡ್ಯೂಟಿಯೊಳಗೇ ಬರ್ತವೆ. ಆದ್ರೆ ನೀವಿರೋದು ಪಲ್ಟನ್ ಜೊತೆ, ಹಡಗಲ್ಲಲ್ಲ.

ಸಮುದ್ರದವರೇ ಬೇಕು ಅನ್ನೋರಿಗೆ ಪೋರ್ಟ್ ಚಾಪ್ಲಿನ್ ಕೆಲಸ ಉಂಟು, ಅಂದ್ರೆ ಬಂದರಿಗೆ ಬಂದ ಸರಕಿನ ಹಡಗು ಹತ್ತಿ ಅಲ್ಲಿರೋ ಜನರನ್ನ ಮಾತಾಡ್ಸೋದು. 1856ರಲ್ಲಿ ಶುರುವಾದ ಆಂಗ್ಲಿಕನ್ ಚರ್ಚಿನ ಮಿಷನ್ ಟು ಸೀಫೇರರ್ಸ್, 1920ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಕೆಥೊಲಿಕರ ಸ್ಟೆಲ್ಲಾ ಮಾರಿಸ್, ಎರಡೂ ಮುಂಬೈಯಲ್ಲಿ ಕೆಲಸ ಮಾಡ್ತಾವೆ. ಪೂರ್ತಿ ಚಾಪ್ಲಿನ್ ಆಗೋಕೆ ಕೆಥೊಲಿಕರು ಸೆಮಿನರಿಗೆ, ಅಂದ್ರೆ ಪಾದ್ರಿ ಆಗೋರು ಓದೋ ಸಂಸ್ಥೆಗೆ ಹೋಗ್ಬೇಕು, ಗೋರೆಗಾಂವ್‌ನಲ್ಲಿ, ಗೋವಾದ ರಾಶೋಲ್‌ನಲ್ಲಿ, ಪುಣೆಯಲ್ಲಿ ಎಲ್ಲ ಉಂಟು, ವರ್ಷಗಟ್ಟಲೆ ಓದು, ಆಮೇಲೂ ಎಲ್ಲಿಗೆ ಕಳಿಸೋದು ಅಂತ ಬಿಷಪ್ಪರೇ ಹೇಳೋದು. ಪ್ರಾಟೆಸ್ಟೆಂಟರಿಗೆ ಸೆರಾಂಪುರದ ಬಿ.ಡಿ. ಅನ್ನೋ ಧರ್ಮಶಾಸ್ತ್ರದ ಡಿಗ್ರಿ, ಅದನ್ನ ಮಂಗಳೂರಿನ ಬಲ್ಮಠದಲ್ಲೂ ಮಾಡ್ಬಹುದು. ಅಷ್ಟೆಲ್ಲ ಆಗೋದಿಲ್ಲ ಅನ್ನೋರು ಶಿಪ್ ವಿಸಿಟರ್ ಅಂತ ವಾಲಂಟಿಯರ್ ಆಗಿ ಸೇರ್ಕೊಳ್ಳಿ, ಅದಕ್ಕೆ ದೀಕ್ಷೆ ಬೇಡ. ನನ್ನ ಕೇಳಿದ್ರೆ ಸೆಮಿನರಿಗೆ ಹೋಗೋರೂ ಮೊದ್ಲು ಇದನ್ನೇ ಮಾಡಿ ನೋಡ್ಬೇಕು, ಗ್ಯಾಂಗ್‌ವೇ, ಅಂದ್ರೆ ಹಡಗಿಗೆ ಹತ್ತೋ ಏಣಿ, ಅದನ್ನ ಹತ್ತೋಕೆ ಮನಸ್ಸಿಲ್ಲದವನಿಗೆ ಯಾವ ಥಿಯಾಲಜಿಯೂ ಕೆಲಸಕ್ಕೆ ಬರೋದಿಲ್ಲ.

ಹೋಗೋ ದಿನ ಫೋನಲ್ಲಿ ಮರೀನ್ ಟ್ರಾಫಿಕ್ ಅನ್ನೋ ಆ್ಯಪ್ ತೆಗೆದು ಯಾವ ಹಡಗು ಯಾವ ಬರ್ತ್‌ನಲ್ಲಿದೆ, ಅಂದ್ರೆ ಎಲ್ಲಿ ಕಟ್ಟಿ ನಿಲ್ಸಿದ್ದಾರೆ ನೋಡ್ಕೊಳ್ಳಿ. ಮುಂಬೈ ಹತ್ರದ ನ್ಹಾವಾ ಶೇವಾ ಬಂದರಿನ ಕಂಟೇನರ್ ಹಡಗು ಬಂದ್ರೆ ಬಂತು ಹೋದ್ರೆ ಹೋಯ್ತು, ಜನರಿಗೆ ಪುರುಸೊತ್ತೇ ಇರೋದಿಲ್ಲ, ಆರು ಗಂಟೆ ಕೆಲಸ ಆರು ಗಂಟೆ ರೆಸ್ಟ್ ಅಂತ ಓಡ್ತಾ ಇರ್ತಾರೆ. ಗೋವಾದ ಮುರಗಾಂವ್ ಬಂದರಿನಲ್ಲಿ ಕಲ್ಲಿದ್ದಲು ಇಳಿಸೋ ಬಲ್ಕ್ ಕ್ಯಾರಿಯರ್ ಆದ್ರೆ ಕೆಲವು ದಿನ ನಿಂತಿರ್ತದೆ, ಹೊಸಬರಿಗೆ ಅದೇ ಒಳ್ಳೇದು, ಬಟ್ಟೆ ಕಪ್ಪಾಗ್ತದೆ ಅಷ್ಟೆ. ಬಂದರಿನ ಎಂಟ್ರಿ ಪಾಸ್ ಮೊದ್ಲೇ ಮಾಡಿಸ್ಕೊಳ್ಳಿ, 2004ರಲ್ಲಿ ಹೊಸ ಭದ್ರತಾ ನಿಯಮ ಬಂದ ಮೇಲೆ ಗೇಟಲ್ಲಿ ಪರಿಚಯದ ಮೇಲೆ ಬಿಡೋ ಕಾಲ ಹೋಯ್ತು. ಹೆಲ್ಮೆಟ್, ಹೊಳೆಯೋ ಜಾಕೆಟ್, ಸೇಫ್ಟಿ ಶೂ ಬೇಕೇ ಬೇಕು. ಚೀಲ ಬೆನ್ನಿಗೆ ಹಾಕ್ಕೊಳ್ಳಿ, ಯಾಕಂದ್ರೆ ಗ್ಯಾಂಗ್‌ವೇ ಅಲ್ಲಾಡ್ತಾ ಇರ್ತದೆ, ಭರತ ಇಳಿತಕ್ಕೆ ಅದರ ಓರೆಯೂ ಬದಲಾಗ್ತದೆ, ರೇಲಿಂಗ್ ಹಿಡಿಯೋಕೆ ಕೈ ಖಾಲಿ ಇರ್ಬೇಕು. ಕ್ರೇನ್ ಕೆಳಗೆ ಮಾತ್ರ ನಡೀಬೇಡಿ.

ಮೇಲೆ ಒಬ್ಬ ವಾಕಿಟಾಕಿ ಹಿಡ್ಕೊಂಡು ನಿಂತಿರ್ತಾನೆ, ಅವನ ರಿಜಿಸ್ಟರಲ್ಲಿ ಹೆಸರು ಬರೆದು ಐಡಿ ತೋರ್ಸಿ, ಡ್ಯೂಟಿ ಆಫೀಸರ್ ಹೂಂ ಅಂದ ಮೇಲೆ ಒಳಗೆ ಹೋಗಿ. ಸೀದಾ ಕ್ರೂ ಮೆಸ್ಸಿಗೆ. ಟೇಬಲ್ ಮೇಲೆ ಜಾರದ ರಬ್ಬರ್ ಮ್ಯಾಟ್, ಸಾಸ್ ಬಾಟಲಿ, ಮೂಲೆಯಲ್ಲಿ ಯಾವಾಗ್ಲೂ ಬಿಸಿ ಇರೋ ಅನ್ನದ ಕುಕ್ಕರ್. ಅಡುಗೆಯವನ ಜೊತೆ ಮೊದ್ಲು ಮಾತಾಡಿ, ಯಾರು ಊಟಕ್ಕೆ ಬರ್ತಾ ಇಲ್ಲ ಅನ್ನೋದು ಕ್ಯಾಪ್ಟನ್‌ಗಿಂತ ಮೊದ್ಲು ಅವನಿಗೆ ಗೊತ್ತಿರ್ತದೆ. ಫಿಲಿಪ್ಪೀನ್ಸ್‌ನವರು ಜಾಸ್ತಿ ಇರ್ತಾರೆ, ಅವರ ಭಾಷೆಯಲ್ಲಿ ಕುಮುಸ್ತಾ, ಅಂದ್ರೆ ಹೇಗಿದ್ದೀರಿ, ಅಂತ ಕೇಳಿದ್ರೆ ಸಾಕು ಮುಖ ಅರಳ್ತದೆ. ಅಂಕೋಲಾದವನೋ ಕುಂದಾಪುರದವನೋ ಸಿಕ್ಕಿ ನೀವು ಕನ್ನಡದಲ್ಲಿ ಊಟ ಆಯ್ತಾ ಅಂದ್ರಂತೂ ಅವನು ಬೇಗ ಬಿಡೋದಿಲ್ಲ. ಎಲ್ರಿಗೂ ಮೊದ್ಲು ಬೇಕಾಗೋದು ಸಿಮ್ ಕಾರ್ಡ್, ಇಲ್ಲ ಪೇಟೆಗೆ ಹೋಗೋಕೆ ಗಾಡಿ, ಅದನ್ನ ಸಣ್ಣ ಕೆಲಸ ಅಂದ್ಕೊಳ್ಬೇಡಿ, ಹೆಂಡ್ತಿ ಜೊತೆ ವೀಡಿಯೋ ಕಾಲ್ ಆಗದೆ ವಾರಗಟ್ಟಲೆ ಇದ್ದವನಿಗೆ ನಿಮ್ಮ ಉಪದೇಶ ಕೇಳೋ ತಾಳ್ಮೆ ಎಲ್ಲಿಂದ ಬರ್ಬೇಕು. ಧರ್ಮದ ಮಾತು ಅವರಾಗಿ ಕೇಳಿದ್ರೆ ಮಾತ್ರ. ಮತ ಬದಲಾಯಿಸೋ ಉಮೇದಿ ಇದ್ದವರು ದಯವಿಟ್ಟು ಈ ಕಡೆ ಬರ್ಬೇಡಿ.

ನಿಧಾನಕ್ಕೆ ನಿಜವಾದ ಸಂಗತಿ ಹೊರಗೆ ಬರ್ತದೆ, ಸಂಬಳ ಬಂದಿಲ್ಲ, ಕಾಂಟ್ರಾಕ್ಟ್ ಮುಗಿದ್ರೂ ಮನೆಗೆ ಕಳಿಸ್ತಾ ಇಲ್ಲ, ಹಲ್ಲು ನೋವಿಗೆ ಡಾಕ್ಟರ್ ಕರೆಸ್ತಾ ಇಲ್ಲ. ಇದಕ್ಕೆ ಮ್ಯಾರಿಟೈಮ್ ಲೇಬರ್ ಕನ್ವೆನ್ಶನ್ ಓದಿಕೊಂಡಿರ್ಬೇಕು, ಹಡಗಿನ ಕೆಲಸಗಾರರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದ ಅದು, 2006ರದ್ದು, ಭಾರತವೂ 2015ರಲ್ಲಿ ಒಪ್ಪಿಕೊಂಡಿದೆ. ಸಂಬಳದ ನಡುವಿನ ಅಂತರ ಒಂದು ತಿಂಗಳಿಗಿಂತ ಜಾಸ್ತಿ ಆಗೋ ಹಾಗಿಲ್ಲ, ಎರಡು ತಿಂಗಳ ಸಂಬಳ ಬಾಕಿ ಉಳಿಸಿದ್ರೆ ಮಾಲೀಕ ಕೈಬಿಟ್ಟ ಹಾಗೇ ಲೆಕ್ಕ. ನೀವೇ ಕ್ಯಾಪ್ಟನ್ ಜೊತೆ ಜಗಳಕ್ಕೆ ಹೋಗ್ಬೇಡಿ, ಹೆಸರು ಹೊರಗೆ ಬಂದ್ರೆ ಆ ಹುಡುಗನಿಗೇ ಕಷ್ಟ, ಮುಂದಿನ ಕೆಲಸವೂ ಸಿಗ್ಲಿಕ್ಕಿಲ್ಲ. ಅವನ ಒಪ್ಪಿಗೆ ತಗೊಂಡು ಯೂನಿಯನ್‌ಗೋ ಮುಂಬೈಯಲ್ಲಿರೋ ಡಿ.ಜಿ. ಶಿಪ್ಪಿಂಗ್ ಅನ್ನೋ ಹಡಗು ವ್ಯವಹಾರದ ಸರ್ಕಾರಿ ಕಚೇರಿಗೋ ತಿಳಿಸಿ. ಅವನು ಬೇಡ ಅಂದ್ರೆ ವಿಷಯ ನಿಮ್ಮ ಹೊಟ್ಟೆಯೊಳಗೇ ಇರ್ಲಿ.

ಒಂದು ವಿಷಯದಲ್ಲಿ ಮಾತ್ರ ಗುಟ್ಟು ಇಟ್ಕೊಂಡು ಕೂತ್ಕೊಳ್ಳೋ ಹಾಗಿಲ್ಲ. ಒಬ್ಬ ನಿದ್ದೆ ಮಾಡ್ತಾ ಇಲ್ಲ, ಕ್ಯಾಬಿನ್ ಬಿಟ್ಟು ಹೊರಗೆ ಬರ್ತಾ ಇಲ್ಲ, ತನ್ನ ಸಾಮಾನು ಬೇರೆಯವರಿಗೆ ಹಂಚ್ತಾ ಇದ್ದಾನೆ ಅಂತ ಗೊತ್ತಾದ್ರೆ ಸಾಯೋ ಯೋಚನೆ ಬರ್ತಾ ಉಂಟಾ ಅಂತ ನೇರವಾಗೇ ಕೇಳಿ, ಕೇಳಿದ್ರೆ ತಲೆಗೆ ಹಾಕಿದ ಹಾಗೆ ಆಗ್ತದೆ ಅನ್ನೋದು ಸುಳ್ಳು. ಹೌದು ಅಂದ್ರೆ ಅವನೊಬ್ಬನನ್ನೇ ಬಿಟ್ಟು ಬರ್ಬೇಡಿ, ಯಾರಿಗೆ ಹೇಳ್ತೀರಿ ಅಂತ ಅವನಿಗೇ ಮೊದ್ಲು ತಿಳಿಸಿ, ಆಮೇಲೆ ಕ್ಯಾಪ್ಟನ್‌ಗೆ ಹೇಳಿ ಡಾಕ್ಟರ್ ವ್ಯವಸ್ಥೆ ಮಾಡಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೂ ಮಾತಾಡ್ಬಹುದು, ಹಡಗಿನವರಿಗೇ ಅಂತ ಸೀಫೇರರ್ ಹೆಲ್ಪ್ ಅನ್ನೋ 24 ಗಂಟೆಯ ಲೈನೂ ಉಂಟು, ಎರಡೂ ಫೋನಲ್ಲಿ ಸೇವ್ ಆಗಿರ್ಲಿ. ಇದನ್ನ ಸರಿಯಾಗಿ ಕಲೀಬೇಕು ಅನ್ನೋರಿಗೆ ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿ ಕ್ಲಿನಿಕಲ್ ಪಾಸ್ಟೋರಲ್ ಎಜುಕೇಶನ್ ಅಂತ ಟ್ರೈನಿಂಗ್ ಉಂಟು, ರೋಗಿಗಳ ಪಕ್ಕ ಕೂತೇ ಕಲಿಯೋದು.

ಇಳಿಯೋ ಮೊದ್ಲು ಮುಂದಿನ ಬಂದರು ಯಾವುದು ಅಂತ ಕೇಳಿ ಬರ್ಕೊಳ್ಳಿ. ಕೊಲಂಬೋನೋ ಸಿಂಗಾಪುರವೋ, ಅಲ್ಲಿಯ ಚಾಪ್ಲಿನ್‌ಗೆ ಹಡಗಿನ ಹೆಸರು, ಬರೋ ತಾರೀಕು ಕಳಿಸಿ, ಒಪ್ಪಿಗೆ ಕೊಟ್ಟವರ ವಿಷಯ ಮಾತ್ರ ಜೊತೆಗೆ ಸೇರಿಸಿ. ರಿಜಿಸ್ಟರಲ್ಲಿ ಹೊರಗೆ ಹೋದ ಟೈಮ್ ಬರೆಯೋದು ಮರೀಬೇಡಿ, ಇಲ್ಲಾಂದ್ರೆ ಹಡಗು ಬಿಡೋ ಹೊತ್ತಿಗೆ ನಿಮ್ಮನ್ನ ಒಳಗೆಲ್ಲ ಹುಡುಕ್ತಾ ಕೂರ್ತಾರೆ.